ಯಾರ ಮಾರು?

ನಮ್ಮ ಕಡೆ ದೂರ ಅಳೆಯುವುದು ಬಾಯಿಂದ. ಗದಗದ ಬಸ್ ನಿಲ್ದಾಣದಲ್ಲಿ ಯಾರನ್ನಾದರೂ ದಾರಿ ಕೇಳಿ ನೋಡಿ. “ಅಲ್ಲೆ” ಎಂದು ಚಿಕ್ಕದಾಗಿ ಅಂದರೆ ಪಕ್ಕದ ಓಣಿ. “ಅಲ್ಲೇ” ಎಂದು ತುಸು ಎಳೆದರೆ ಆಟೋ ಹಿಡಿಯಬೇಕು. ಗದ್ದ ಮುಂದೆ ಚಾಚಿ, ಕಣ್ಣು ಕಿರಿದು ಮಾಡಿ, “ಅಲ್ಲೇಏಏ” ಎಂದು ಉಸಿರು ಇರುವಷ್ಟೂ ಎಳೆದರೆ ಮುಂಡರಗಿ ಬಸ್ಸು ಹತ್ತಬೇಕು, ಜೊತೆಗೆ ಊಟದ ಡಬ್ಬಿ ಇದ್ದರೆ ಒಳ್ಳೆಯದು. ಈ ಅಳತೆ ನನಗೆ ಎಂದೂ ಮೋಸ ಮಾಡಿಲ್ಲ. ಒಂದೇ ತೊಂದರೆ. ಪೈಪಿನ ಅಂಗಡಿಗೆ ಹೋಗಿ “ಅಲ್ಲೇಏಏ ಮಟಾ ಮುಟ್ಟೂ ಅಷ್ಟು ಪೈಪ್ ಕೊಡ್ರಿ” ಅಂದರೆ ಕೊಡುವುದಿಲ್ಲ.

ಪೈಪಿನ ಮಾತು ಯಾಕೆ ಬಂತೆಂದರೆ, ಮಲ್ಲಸಮುದ್ರದಲ್ಲಿರುವ ನನ್ನ ಸೋದರಮಾವನ ಹೊಲದಲ್ಲಿ ಒಂದು ತುಂಡು ನೆಲ ಅತ್ತೆಯ ಕೈಗೆ ಬರುತ್ತದೋ ಇಲ್ಲವೋ ಎಂಬುದು ಹೋದ ಮಳೆಗಾಲದಲ್ಲಿ ಒಂದು ಪೈಪಿನ ಉದ್ದದ ಮೇಲೆ ನಿಂತಿತ್ತು. ಆ ಉದ್ದ ಹೇಳಬೇಕಾದವಳು ನಾನು. ಹೇಳುವುದಕ್ಕೆ ನನ್ನ ಹತ್ತಿರ ಇದ್ದದ್ದು ನಾನೇ ಮಾಡಿದ ಒಂದು ಕೋಲು.

ಮೊದಲು ಕೋಲಿನ ಕತೆ ಹೇಳಿಬಿಡುತ್ತೇನೆ, ಅದನ್ನು ಹೇಳದೆ ನನಗೆ ತಡೆಯುವುದಕ್ಕೂ ಆಗುವುದಿಲ್ಲ.

ನಮ್ಮ ಮನೆ ಬೆಟಗೇರಿ, ಕೆಲಸ ಗದಗದ ಒಂದು ಚಷ್ಮಾ ಅಂಗಡಿಯಲ್ಲಿ. ಬಂದವರ ಒಂದು ಕಣ್ಣಿನಿಂದ ಇನ್ನೊಂದು ಕಣ್ಣಿಗೆ ಎಷ್ಟು ಅಂತರ ಎಂದು ಪುಟ್ಟ ಪ್ಲಾಸ್ಟಿಕ್ ಪಟ್ಟಿ ಹಿಡಿದು ಅಳೆಯುವುದು ನನ್ನ ಕೆಲಸಗಳಲ್ಲಿ ಒಂದು. “ನನ್ನ ಮೂಗು ನೋಡ್ರಿ” ಅಂದರೆ ಅವರ ಕಣ್ಣುಗಳು ಒಳಕ್ಕೆ ತಿರುಗುತ್ತವೆ. “ಎದುರಿನ ಅಂಗಡಿ ಬೋರ್ಡು ನೋಡ್ರಿ” ಅಂದರೆ ನೇರವಾಗುತ್ತವೆ. ದಿನಾ ನೋಡುವುದೇ. ಒಂದು ದಿನ ಮಾತ್ರ ತಲೆಯಲ್ಲಿ ಏನೋ ಕಚ್ಚಿತು. ಕಣ್ಣು ಎಷ್ಟು ತಿರುಗಿತು ಎಂದು ಗೊತ್ತಾದರೆ ಮೂಗು ಎಷ್ಟು ದೂರ ಇದೆ ಎಂದೂ ಗೊತ್ತಾಗಬೇಕಲ್ಲ? ಅವತ್ತಿನಿಂದ ನಾನು ಗಿರಾಕಿಗಳ ಮುಖ ನೋಡುವುದು ಬಿಟ್ಟು ಕಣ್ಣಿನ ತಿರುವನ್ನೇ ನೋಡುತ್ತ ಕೂತೆ. ಒಬ್ಬರು ಕಣ್ಣಿಗೆ ಪೊರೆ ಬಂತೆಂದು ಹೆದರಿ “ಮೋತಿಬಿಂದು ಏನರ ಕಾಣಾಕ ಹತ್ತೈತೇನ್ ತಂಗಿ?” ಎಂದು ಕೇಳಿಯೇ ಬಿಟ್ಟರು.

ಫೋನಿನಲ್ಲಿ ಹುಡುಕಿದರೆ ಈ ಯೋಚನೆ ನನಗಿಂತ ಮೊದಲೇ ಬೇಕಾದಷ್ಟು ಜನಕ್ಕೆ ಬಂದಿತ್ತು. ಹಡಗಿನವರು, ಸೈನ್ಯದವರು, ಹಳೆಯ ಕ್ಯಾಮೆರಾ ಮಾಡಿದವರು. ಎಲ್ಲರೂ ಮಾಡಿದ್ದು ಒಂದೇ ಉಪಾಯ: ಒಂದು ಉದ್ದನೆಯ ಕೊಳವೆ, ಎರಡೂ ತುದಿಗೆ ಒಂದೊಂದು ಕಣ್ಣು, ನಡುವೆ ಇಣುಕುವುದಕ್ಕೆ ಒಂದೇ ತೂತು. ನಮ್ಮ ಕಣ್ಣುಗಳ ನಡುವೆ ಇರುವುದು ನಾಲ್ಕು ಬೆರಳು ಜಾಗ. ಅದರಿಂದ ಮೂಗಿನ ದೂರ ಸಿಗಬಹುದು, ಗುಡ್ಡದ್ದು ಸಿಗುವುದಿಲ್ಲ. ಕಣ್ಣುಗಳನ್ನು ಎರಡು ಮೊಳ ದೂರ ಇಟ್ಟರೆ ತುಂಬ ಆಚೆಯದೂ ಸಿಗುತ್ತದೆ. ಮುಖವನ್ನು ಅಷ್ಟು ಅಗಲ ಮಾಡಿಕೊಳ್ಳುವ ಹಾಗಿಲ್ಲವಲ್ಲ, ಅದಕ್ಕೇ ಕನ್ನಡಿ.

ಮನೆಯಲ್ಲಿ ನಿಂತುಹೋದ ಮಗ್ಗದ ಒಂದು ಸಾಗವಾನಿ ಪಟ್ಟಿ ಇತ್ತು, ಎಷ್ಟು ಮಳೆ ಬಿಸಿಲು ಕಂಡರೂ ಸೊಟ್ಟಗಾಗಿರಲಿಲ್ಲ. ಅದೇ ನನ್ನ ಕೋಲು. ಮೊದಲು ಮನೆಯ ಕನ್ನಡಿ ಒಡೆದು ಅದರ ತುಂಡು ಕೂಡಿಸಿದೆ, ಒಂದು ಗಿಡಕ್ಕೆ ಎರಡು ಬಿಂಬ ಕಾಣತೊಡಗಿದವು. ಗಾಜಿನ ಮುಂದೊಂದು ಬಿಂಬ, ಹಿಂದಿನ ಕಲಾಯಿಯದೊಂದು. ಆಮೇಲೆ ಝೆರಾಕ್ಸ್ ಮಷೀನು ರಿಪೇರಿ ಮಾಡುವ ಪರಿಚಯದವರ ಗುಜರಿಯಲ್ಲಿ ಉದ್ದನೆಯ ಕನ್ನಡಿ ಪಟ್ಟಿ ಸಿಕ್ಕಿತು. ಅದರ ಹೊಳಪು ಮುಂಭಾಗದಲ್ಲೇ ಇರುತ್ತದೆ, ಬೆರಳು ತಾಗಿದರೆ ಕೆಟ್ಟಿತು. ಒಂದು ತುಂಡು ಎಡ ತುದಿಗೆ, ಕಣ್ಣಿನ ಎದುರು, ಅರ್ಧ ಎತ್ತರಕ್ಕೆ ಮಾತ್ರ. ಇನ್ನೊಂದು ಬಲ ತುದಿಗೆ, ಅದು ತಿರುಗಬೇಕು. ತಿರುಗಿಸುವುದಕ್ಕೆ ಸೈಕಲ್ಲಿನ ಬೋಲ್ಟು, ಎಷ್ಟು ತಿರುಗಿತು ಎಂದು ತೋರಿಸುವುದಕ್ಕೆ ಮುರಿದ ಛತ್ರಿಯ ಕಡ್ಡಿ. ಕಡ್ಡಿಯ ತುದಿ ಓಡಾಡುವಲ್ಲಿ ಅಂಟಿಸಿದ ಕಾಗದ.

ಇಣುಕಿದರೆ ಮಜವಾಗಿರುತ್ತದೆ. ಕನ್ನಡಿಯ ಮೇಲಿಂದ ನೇರವಾಗಿ ಕಂಬದ ಮೇಲಿನ ಅರ್ಧ ಕಾಣುತ್ತದೆ. ಕನ್ನಡಿಯೊಳಗೆ, ಬಲಗಡೆಯ ಕನ್ನಡಿ ಕಂಡದ್ದು, ಅದೇ ಕಂಬದ ಕೆಳಗಿನ ಅರ್ಧ. ಎರಡೂ ಬೇರೆ ಬೇರೆ ಜಾಗದಲ್ಲಿ ನಿಂತಿರುತ್ತವೆ, ನಡು ಮುರಿದವರ ಹಾಗೆ. ಬೋಲ್ಟು ತಿರುಗಿಸುತ್ತ ಹೋದರೆ ಕೆಳಗಿನ ಅರ್ಧ ಸರಿಯುತ್ತ ಸರಿಯುತ್ತ ಬಂದು ಮೇಲಿನದಕ್ಕೆ ಸರಿಯಾಗಿ ಕೂಡುತ್ತದೆ. ಆಗ ಕಡ್ಡಿ ಎಲ್ಲಿ ನಿಂತಿದೆಯೋ ಅದೇ ದೂರ. ಹತ್ತಿರದ ಗುರುತುಗಳು ಕಾಗದದ ಮೇಲೆ ಕಾಲು ಚಾಚಿ ಆರಾಮ ಕೂತಿರುತ್ತವೆ. ದೂರದವು ಸಂತೆಯ ದಿನ ಲಕ್ಷ್ಮೇಶ್ವರ ಬಸ್ಸಿನಲ್ಲಿ ನಿಂತವರ ಹಾಗೆ ಒಂದರ ಮೇಲೊಂದು. ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ಅಳೆಯುವ ನನ್ನ ಆಸೆ ಅಲ್ಲೇ ಮುಗಿಯಿತು. ಅಷ್ಟು ದೂರಕ್ಕೆ ಕಡ್ಡಿ ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ.

ಮಾಳಿಗೆ ಮೇಲೆ ಇದನ್ನು ಮುಖಕ್ಕೆ ಹಿಡಿದು ನಿಂತಾಗ ಅವ್ವ ಬಟ್ಟೆ ಒಣಹಾಕುತ್ತ ಅಂದಳು, “ಲಗ್ನಕ್ಕ ಬಂದ ಹುಡಿಗಿ, ಮಂದಿ ಮನಿ ಕಡಿ ತೋಪು ಹಿಡದ ನಿಂತಾಳ ನೋಡು. ನೋಡಾಕ ಬಂದ ವರ ಬಾಗಲದಾಗಿಂದನ ಹಾರಿ ಓಡತಾನ.”

“ಎಷ್ಟು ದೂರ ಹಾರಿದಾ ಅಂತ ಅಳದ ಹೇಳ್ತೀನಿ ತಗೋ.”

ಈ ತೋಪಿನ ಸುದ್ದಿ ಅವ್ವನ ಬಾಯಿಂದ ತವರಿಗೆ ಹೋಯಿತು. ಒಂದು ಶನಿವಾರ ಅತ್ತೆಯ ಫೋನು ಬಂತು. ಹಲೋ ಗಿಲೋ ಏನಿಲ್ಲ. “ನಿನ್ನ ಕೋಲು ಖರೇನ ಅಳೀತೈತೋ, ಬರೇ ನೋಡಾಕ ಚಂದ ಐತೋ?”

“ಖರೇನ ಅಳೀತೈತಿ ಅತ್ತಿ.”

“ಹಂಗಾರ ನಾಳಿ ಬಾ. ರೊಟ್ಟಿ ಮಾಡಿರತೀನಿ.”

ವಿಷಯ ಇಷ್ಟು. ಮಾವನ ಹೊಲದ ನಡುವೆ ಒಂದು ಹಳ್ಳ ಹರಿಯುತ್ತದೆ. ಹರಿಯುತ್ತದೆ ಎಂದು ಮರ್ಯಾದೆಗೆ ಹೇಳಿದೆ, ವರ್ಷದ ಬಹುಪಾಲು ಅದರಲ್ಲಿ ಇರುವುದು ಬಳ್ಳಾರಿ ಜಾಲಿಯ ಮುಳ್ಳು. ಬಾವಿ ಈಚೆ ದಂಡೆಗೆ, ಆಚೆ ದಂಡೆಗೆ ಒಂದು ತುಂಡು ನೆಲ. ಆ ತುಂಡಿಗೆ ನೀರಿಲ್ಲ, ಅದಕ್ಕೆ ಮಾವನ ಗಮನವೂ ಇಲ್ಲ. ಅತ್ತೆ ಶಿರಹಟ್ಟಿಯವಳು. ತವರಿನಲ್ಲಿ ಮೆಣಸಿನಕಾಯಿ ಬೆಳೆದು, ಒಣಗಿಸಿ, ಕುಟ್ಟಿ ಬೆಳೆದವಳು. ಮದುವೆಯಾಗಿ ಬಂದಾಗಿನಿಂದ ಮಾವ ಸಂತೆಯಿಂದ ತಂದ ಮೆಣಸಿನಕಾಯಿ ಮುರಿದಾಗಲೆಲ್ಲ ಒಮ್ಮೆ ನಿಟ್ಟುಸಿರು ಬಿಡುತ್ತಾಳೆ. ಆ ವರ್ಷ ಅವಳು ಯಾರಿಗೂ ಹೇಳದೆ ಹಿತ್ತಲಲ್ಲಿ ಮೆಣಸಿನ ಸಸಿ ಎಬ್ಬಿಸಿಬಿಟ್ಟಿದ್ದಳು. ಸಸಿ ಗೇಣುದ್ದ ಆದ ಮೇಲೆ ಹೇಳಿದಳು: ಆಚೆಯ ತುಂಡು ನನಗೆ ಬೇಕು.

ಮಾವ ಒಂದು ಷರತ್ತು ಹಾಕಿದ್ದ. ನಾನು ಭಾನುವಾರ ಹೋಗಿ ಕೂತ ಮೇಲೆ ನನ್ನ ಎದುರೇ ಅತ್ತೆಗೆ ಮತ್ತೊಮ್ಮೆ ಹೇಳಿದ.

“ನೋಡು ಬೇ, ಆ ತುಂಡಿಗೆ ನೀರ ಮುಟ್ಟಸು, ಅದು ನಿಂದು. ಏನಾರ ಹಚ್ಚು, ನಾ ಹಣಿಕಿ ಹಾಕೂದಿಲ್ಲ. ಪೈಪ್ ಒಮ್ಮಿ ತರ್ತೀನಿ, ಎರಡನೇ ಸಲ ಪ್ಯಾಟಿಗೆ ಹೋಗಾಂವ ಅಲ್ಲ. ಮುಟ್ಟಲಿಲ್ಲಂದ್ರ ಮುಂದಿನ ಸೋಮವಾರ ಟ್ರ್ಯಾಕ್ಟರ್ ಬರ್ತೈತಿ, ಗೊಂಜಾಳ ಬಿತ್ತೂದ.”

“ಸೋಮವಾರ ಯಾರರ ಹೂಡ್ತಾರೇನ್ರಿ?” ಎಂದಳು ಅತ್ತೆ.

“ಎತ್ತಿಗೆ ಸೋಮವಾರ ಸೂಟಿ. ಟ್ರ್ಯಾಕ್ಟರಿಗೆ ಎಂಥಾ ಸೋಮವಾರ?”

ಫೋನಿನಲ್ಲೇ ಅಳೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ನೋಡಿದೆ. ಮೇಲಿಂದ ತೆಗೆದ ಚಿತ್ರದಲ್ಲಿ ಬಾವಿ ಬೇವಿನ ಮರದ ಕೆಳಗೆ ಮುಚ್ಚಿಹೋಗಿತ್ತು, ಹಳ್ಳವೆಲ್ಲ ಒಂದು ಹಸಿರು ಕಂಬಳಿ. ಟೇಪು ಹಿಡಿದು ಜಾಲಿಯೊಳಗೆ ನುಗ್ಗುವವರು ಯಾರೂ ಇರಲಿಲ್ಲ. ಮೇಲಾಗಿ ನನಗೆ ನನ್ನ ಕೋಲು ಹಿಡಿಯಬೇಕಿತ್ತು, ಅದನ್ನೇಕೆ ಮುಚ್ಚಿಡಲಿ.

ಕೋಲಿನ ಕಾಗದದ ಮೇಲೆ ಆಗ ಬೆಟಗೇರಿಯ ನಮ್ಮ ಓಣಿಯ ಉದ್ದದಷ್ಟು ಗುರುತು ಮಾತ್ರ ಇದ್ದವು. ದೊಡ್ಡ ದೂರಕ್ಕೆ ಹೊಸ ಗುರುತು ಹಾಕಬೇಕು, ಅದಕ್ಕೆ ಗೊತ್ತಿರುವ ದೂರ ಬೇಕು. ಮಾವನ ಟೇಪು ತುಕ್ಕು ಹಿಡಿದು, ಒಳಗೆ ಹೋದದ್ದು ಹೊರಗೆ ಬರುತ್ತಿರಲಿಲ್ಲ. ಅತ್ತೆ ಅಟ್ಟ ಹತ್ತಿ ಒಂದು ಹಗ್ಗ ತಂದಳು. ಬಾವಿಯ ಆಳ ನೋಡುವ ಹಗ್ಗ, ಮಾರಿಗೊಂದು ಗಂಟು.

“ಮಾರು ಅಂದ್ರ ಎಷ್ಟು ಮಾಮಾ?”

“ಆರು ಅಡಿ. ಸಾಲ್ಯಾಗ ಏನ್ ಕಲ್ಸ್ಯಾರ ನಿಮಗ?”

ಎರಡೂ ಕೈ ಚಾಚಿದರೆ ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಒಂದು ಮಾರು. ಆರು ಅಡಿ. ಹಗ್ಗವನ್ನು ಬಂಡಿದಾರಿಯ ಮೇಲೆ ಹಾಸಿ, ಮುಗಿದಲ್ಲಿ ಕಲ್ಲಿಟ್ಟು, ಮತ್ತೆ ಅಲ್ಲಿಂದ ಹಾಸುತ್ತ ಹೋದೆವು. ಅತ್ತೆ ಬಿದಿರಿನ ಗಳ ಹಿಡಿದು ನಿಲ್ಲುವುದು, ನಾನು ಗಳದ ಎರಡು ತುಂಡು ಕೂಡಿಸಿ ಕಾಗದದ ಮೇಲೆ ಗೆರೆ ಹಾಕುವುದು. ಆಮೇಲೆ ಬಾವಿಯ ಕಟ್ಟೆಯ ಮೇಲೆ ನಿಂತು ಆಚೆ ದಂಡೆಯ ಬನ್ನಿಗಿಡಕ್ಕೆ ಗುರಿ ಇಟ್ಟೆ. ಅತ್ತೆಯ ತುಂಡಿನಲ್ಲಿ ಎಲ್ಲಕ್ಕಿಂತ ಎತ್ತರದ ಮೂಲೆ ಅದು. ಅಲ್ಲಿ ನೀರು ಬಿಟ್ಟರೆ ಇಡೀ ತುಂಡು ತಾನೇ ಕುಡಿಯುತ್ತದೆ.

ಬನ್ನಿಗಿಡ ನಡು ಮುರಿದು, ಸರಿದು, ಕೂಡಿತು. “ನಲವತ್ತೈದ ಮಾರು!”

ಮಾವನೂ ಒಮ್ಮೆ ಇಣುಕಿದ. “ಇದು ಸುಳ್ಳ ಹೇಳೂದಿಲ್ಲಲಾ?”

“ಕೋಲಿಗೆ ಬಾಯಿ ಎಲ್ಲೈತಿ ಮಾಮಾ.”

“ಬಾಯಿ ಇಲ್ದಾವ್ರನ್ನ ನಂಬಬೇಕು. ಅದಕ್ಕ ನಿಮ್ಮತ್ತಿನ್ನ ನಾ ನಂಬೂದಿಲ್ಲ.”

ಮಾರನ್ನು ಅಡಿ ಮಾಡಿ, ಅಡಿಯನ್ನು ಮೀಟರು ಮಾಡಿ, ಹಳ್ಳದ ಇಳಿವು ಏರಿಗೆ ಇನ್ನಷ್ಟು ಸೇರಿಸಿ, ಎಂಬತ್ತೈದು ಮೀಟರು ಎಂದು ಹೇಳಿ ಬೆಟಗೇರಿಗೆ ಬಂದೆ. ವಾರದ ನಡುವೆ ಮಾವ ಗದಗಿಗೆ ಬಂದು ಅಷ್ಟೇ ಉದ್ದದ ಕರಿ ಪೈಪಿನ ಸುರುಳಿ ಹೇರಿಕೊಂಡು ಹೋದ.

ಮುಂದಿನ ಭಾನುವಾರ ನಾನು ಹೋಗುವಷ್ಟರಲ್ಲಿ ಅತ್ತೆ ಸಸಿ ಕಿತ್ತು, ಒದ್ದೆ ಗೋಣಿತಾಟು ಹೊದಿಸಿ ಬುಟ್ಟಿಗಳಲ್ಲಿ ಇಟ್ಟಿದ್ದಳು. ಕಿತ್ತ ಸಸಿ ಅವತ್ತೇ ನೆಲ ಸೇರಬೇಕು. ಮಾವ ಕೊಡಲಿ ಹಿಡಿದು ಜಾಲಿ ಕಡಿಯುತ್ತ ಮುಂದೆ, ಅತ್ತೆ ಮತ್ತು ನಾನು ಪೈಪು ಎಳೆಯುತ್ತ ಹಿಂದೆ. ಮಳೆ ಬಿದ್ದ ಎರೆಮಣ್ಣು. ಒಂದೊಂದು ಹೆಜ್ಜೆಗೆ ಕಾಲಿಗೆ ಒಂದೊಂದು ರೊಟ್ಟಿ ಮೆತ್ತಿಕೊಳ್ಳುತ್ತಿತ್ತು. ಹಳ್ಳ ಇಳಿದೆವು, ಆಚೆ ದಂಡೆಯ ಬುಡ ಮುಟ್ಟಿದೆವು. ಅಷ್ಟರಲ್ಲಿ ಪೈಪು ಹಿಂದಕ್ಕೆ ಜಗ್ಗಿತು.

“ಎಲ್ಲ್ಯರ ಸಿಕ್ಕೊಂಡೈತಿ, ಜಗ್ರಿ,” ಎಂದ ಮಾವ.

ಸಿಕ್ಕಿಕೊಂಡಿರಲಿಲ್ಲ. ಮುಗಿದಿತ್ತು. ಬನ್ನಿಗಿಡ ದಂಡೆಯ ಮೇಲೆ, ಇನ್ನೂ ಮೂರ್ನಾಲ್ಕು ಮಾರು ಆಚೆ, ಏನೂ ಆಗದವರ ಹಾಗೆ ನಿಂತಿತ್ತು.

ಅತ್ತೆ ಪೈಪಿನ ತುದಿ ನೋಡಿದಳು, ಗಿಡ ನೋಡಿದಳು, ನನ್ನನ್ನು ನೋಡಲಿಲ್ಲ. ಅದೇ ಹೆಚ್ಚು ಚುಚ್ಚಿತು.

“ಅಂಗಡ್ಯಾಂವ ಕಡಿಮಿ ಕೊಟ್ಟಾನ,” ಎಂದ ಮಾವ. ಪೈಪಿನ ಮೈಮೇಲೆ ಮೀಟರಿಗೊಂದು ಅಂಕಿ ಅಚ್ಚೊತ್ತಿರುತ್ತದೆ. ಈ ತುದಿಯಿಂದ ಆ ತುದಿಗೆ ನೋಡಿದೆವು. ಎಂಬತ್ತೈದು ಇತ್ತು. ಅಂಗಡಿಯವನ ತಪ್ಪಲ್ಲ.

“ಹಂಗಾರ ಕೋಲಿನ ತಪ್ಪು,” ಎಂದ ಮಾವ. ನಾನೇ ಹೋಗಿ ಹಗ್ಗ ತಂದು ಪೈಪಿನ ಪಕ್ಕಕ್ಕೆ ಹಾಸಿದೆ. ಮಾರಿಗೆ ಆರು ಅಡಿಯಾದರೆ ಹತ್ತನೆಯ ಗಂಟು ಹದಿನೆಂಟು ಮೀಟರು ದಾಟಿ ತುಸು ಆಚೆ ನಿಲ್ಲಬೇಕು. ಅದು ಇಪ್ಪತ್ತರ ಮೇಲೆ ಹೋಗಿ ಕೂತಿತ್ತು.

“ಮಾಮಾ, ಇದು ಯಾರ ಮಾರು?”

“ಯಾರದು ಅಂದ್ರ? ಮಾರು ಅಂದ್ರ ಮಾರು.”

“ಹೂ ಮಾರಾವ್ರ ಮಾರು ಹಬ್ಬ ಬಂದ್ರ ಗಿಡ್ಡ ಆಗೂದಿಲ್ಲೇನು? ಯಾರದ ಇದು?”

ಮಾವ ಹೊಲದ ಬೆದರುಗೊಂಬೆಯಂತೆ ಕೈ ಚಾಚಿ ಪೈಪಿನ ಮೇಲೆ ಬೋರಲು ಮಲಗಿದ. ಅವನ ಮಾರು ಗಂಟಿನವರೆಗೆ ಬರಲೇ ಇಲ್ಲ. ಅತ್ತೆಯದನ್ನು ಕೇಳುವುದೇ ಬೇಡ, ಅವಳು ನಮ್ಮೆಲ್ಲರಿಗಿಂತ ಗಿಡ್ಡ. ಅವಳು ಸೆರಗು ಬಾಯಿಗೆ ಹಿಡಿದುಕೊಂಡಿದ್ದಳು. ಅಳುತ್ತಿದ್ದಾಳೆ ಅಂದುಕೊಂಡೆ. ನಗುತ್ತಿದ್ದಳು.

“ನಮ್ಮಪ್ಪಂದ ಬೇ ಅದು! ಈ ಬಾವಿ ತೋಡೂ ಮುಂದ ಶಿರಹಟ್ಟಿಯಿಂದ ತಂದಿದ್ದ. ಹಂಗ ಇಲ್ಲೇ ಉಳೀತು.”

ಮಾವ ಅಲ್ಲಿಂದಲೇ ಫೋನು ಹಚ್ಚಿ ಸ್ಪೀಕರು ಒತ್ತಿದ. “ನಮಸ್ಕಾರ್ರಿ ಮಾವಾರ. ಒಂದ ಮಾತ ಕೇಳೂದಿತ್ತು. ನಿಮ್ಮ ಮಾರು ಎಷ್ಟರಿ?”

ಆಚೆಯಿಂದ ದನಿ ಬಂತು. “ಯಾಕ ಅಳ್ಯಾರ, ಅಂಗಿ ಹೊಲಸಾಕ ಹತ್ತೀರೇನ?”

“ಅಲ್ರಿ, ಬಾವಿ ಹಗ್ಗದ್ದು. ಗಂಟು ಹಾಕಿದವ್ರು ನೀವ ಏನ್ರಿ?”

“ನಾನಲ್ದ ಮತ್ತ್ಯಾರು? ಶಿರಹಟ್ಟ್ಯಾಗ ನನ್ನಷ್ಟು ಉದ್ದನ ಕೈ ಇನ್ನೊಬ್ಬರದು ತೋರಸ್ರಿ ನೋಡೂಣು! ಬಾವಿ ತೋಡಾವ್ರು ಮಾರಿನ ಲೆಕ್ಕಕ್ಕ ಕೆಲಸ ಹಿಡೀತಿದ್ರು. ನಾ ಅಳ್ಯಾಕ ಬಂದೆ ಅಂದ್ರ ‘ಯಪ್ಪಾ ನೀವ್ ಬ್ಯಾಡ್ರಿ, ನಿಮ್ಮ ಅಳ್ಯಾರ್ನ ಕಳಸ್ರಿ’ ಅಂತಿದ್ರು!”

ಫೋನು ಇಟ್ಟ ಮೇಲೆ ಮಾವ ಏನನ್ನೋ ಲೆಕ್ಕ ಹಾಕಿ, ಮುಖ ಅರಳಿಸಿ ಬಾವಿಯ ಕಡೆ ತಿರುಗಿದ. “ಅಂದ್ರ ನಮ್ಮ ಬಾವಿ ನಾ ಇಷ್ಟ ವರ್ಷ ಮಂದಿಗೆ ಹೇಳಿದ್ದಕ್ಕಿಂತ ಆಳ ಐತಿ!”

“ಬಾವಿ ಆಳ ಆತು,” ಎಂದಳು ಅತ್ತೆ. “ನೀರ ಎಲ್ಲಿ ಬಂತು?”

ಗೋಣಿತಾಟಿನ ಅಂಚಿನ ಸಸಿಗಳು ಆಗಲೇ ತಲೆ ಬಗ್ಗಿಸತೊಡಗಿದ್ದವು. ಪೈಪಿನ ಅಂಗಡಿಗೆ ಭಾನುವಾರ ಬೀಗ. ಮರುದಿನ ಮೆಕ್ಕೆಜೋಳ ಬಿತ್ತುವ ಟ್ರ್ಯಾಕ್ಟರು. ಮೋಟರಿಗೆ ಕರೆಂಟು ಇರುವುದು ಮಧ್ಯಾಹ್ನದವರೆಗೆ.

ಆಗ ನನಗೆ ಹೊಳೆದದ್ದು ಬಾವಿಯ ಹತ್ತಿರ ಗೂಟಕ್ಕೆ ಕಟ್ಟಿದ್ದ ಆಡನ್ನು ನೋಡಿ. ಅದು ಹಗ್ಗ ಇದ್ದಷ್ಟೂ ದೂರ ಹೋಗಿ, ಅಲ್ಲಿಂದ ಸುತ್ತಲೂ ಮೇಯುತ್ತಿತ್ತು. ನಮ್ಮ ಪೈಪೂ ಅಷ್ಟೇ, ಬಾವಿಗೆ ಕಟ್ಟಿದ ಆಡು. ಬನ್ನಿಗಿಡ ಎಷ್ಟು ದೂರ ಎಂದು ಕೇಳಿದ್ದು ಸಾಕು. ಇಷ್ಟು ದೂರದಲ್ಲಿ ಏನೇನಿದೆ ಎಂದು ಕೋಲನ್ನು ತಿರುಗಾ ಮುರುಗಾ ಕೇಳಬೇಕು. ಶಿರಹಟ್ಟಿ ಅಜ್ಜನ ಮಾರಿನ ಲೆಕ್ಕಕ್ಕೆ ನಮ್ಮ ಪೈಪು, ಇಳಿವು ಏರು ಕಳೆದು, ನಲವತ್ತೊಂದು ಮಾರು. ಗೆರೆ ಹಾಕಿದ್ದು ಅವನ ಮಾರಿನಲ್ಲೇ ಆದ್ದರಿಂದ ಕೋಲಿನ ತಪ್ಪೇನೂ ಇರಲಿಲ್ಲ, ಅದಕ್ಕೆ ಮೊದಲಿನಿಂದ ಶಿರಹಟ್ಟಿಯ ಭಾಷೆ ಬರುತ್ತಿತ್ತು, ನನಗೇ ತಿಳಿದಿರಲಿಲ್ಲ. ಬಾವಿಯ ಕಟ್ಟೆ ಹತ್ತಿ, ಕಡ್ಡಿಯನ್ನು ನಲವತ್ತೊಂದರ ಮೇಲೆ ತಂದು ರಬ್ಬರ್ ಬ್ಯಾಂಡು ಸುತ್ತಿ ಕಟ್ಟಿಬಿಟ್ಟೆ.

“ಅತ್ತಿ, ಗಳ ತಗೊಂಡು ಬನ್ನಿಗಿಡದಿಂದ ದಂಡಿ ಹಿಡದು ಕೆಳಗ ನಡಿ. ನಾ ನಿಂದ್ರು ಅಂದಲ್ಲಿ ನಿಂದ್ರು!”

ಹಳ್ಳ ಕೆಳಗೆ ಹೋಗುತ್ತ ಬಾವಿಯ ಕಡೆಗೇ ಬಾಗುತ್ತದೆ. ಅದರ ಜೊತೆ ಅತ್ತೆಯ ತುಂಡೂ ಹತ್ತಿರ ಬರುತ್ತದೆ. ಕೋಲಿನೊಳಗೆ ಅತ್ತೆ ಎರಡು ತುಂಡಾಗಿದ್ದಳು. ಸೊಂಟದ ಮೇಲಿನವಳು ಶಿರಹಟ್ಟಿ ಕಡೆ, ಕೆಳಗಿನವಳು ಗದಗಿನ ಕಡೆ ಹೊರಟಿದ್ದಳು.

“ಇಲ್ಲೇನ?” ಅವಳ ಕೂಗು ಗಾಳಿಯಲ್ಲಿ ತೇಲಿ ಬಂತು.

“ಇನ್ನೂ ಕೆಳಗ!”

“ಇಲ್ಲೇನ ಬೇ?”

“ಇನ್ನಷ್ಟು! ಆತು, ಆತು, ಒಂದ ಹೆಜ್ಜಿ ಹಿಂದ!”

ಪಕ್ಕದಲ್ಲಿ ಮಾವ ಬೆರಗಾಗಿ ನೋಡುತ್ತಿದ್ದ. “ಲಗ್ನ ಆದಾಗಿಂದ ನನ್ನ ಮಾತಿಗೆ ಒಂದ ಹೆಜ್ಜಿ ಹಿಂದ ಸರದಾಕಿ ಅಲ್ಲ ನೋಡ ಆಕಿ. ಭಾರಿ ಕೋಲು ಮಾಡೀದಿ ನೀ.”

ಗಳ ಕೂಡಿತು, ಅತ್ತೆ ಕೂಡಿದಳು. “ನಿಂದ್ರೂ!” ಎಂದು ನಾನು ಕಿರುಚಿದ್ದಕ್ಕೆ ಆಡೂ ಮೇಯುವುದು ಬಿಟ್ಟು ನಿಂತಿತು.

ಅವಳು ನಿಂತದ್ದು ತುಂಡಿನ ನಡುಮಧ್ಯದ ಅಂಚಿಗೆ. ಅಲ್ಲಿ ಆಡುಗಳು ಮಾಡಿದ ದಾರಿ ಇತ್ತು, ಜಾಲಿ ಕಡಿಮೆ. ಮಾವ ಗೊಣಗುತ್ತಲೇ ಮತ್ತೆ ಕೊಡಲಿ ಎತ್ತಿದ. ಪೈಪನ್ನು ಹಿಂದಕ್ಕೆಳೆದು, ಹೊಸ ದಾರಿಗೆ ಹಾಕಿ, ದಂಡೆ ಹತ್ತಿಸಿದೆವು. ತುದಿ ಅತ್ತೆಯ ಕಾಲಿನ ಹತ್ತಿರ ಬಂದು, ಅಂಗೈಯಗಲ ಮುಂದೆ ಚಾಚಿ ನಿಂತಿತು. ಮಾವ ಓಡಿಹೋಗಿ ಮೋಟರು ಹಾಕಿದ. ಪೈಪು ಮೊದಲು ಕೆಮ್ಮಿತು, ಒಂದು ಕಪ್ಪೆಮರಿಯನ್ನು ಉಗುಳಿತು, ಆಮೇಲೆ ನೀರು. ಎರೆಮಣ್ಣಿನ ತಗ್ಗಿನಲ್ಲಿ ಇಳಿದು, ತುಂಬಿ, ಮೇಲೆದ್ದು ಸಾಲಿನಲ್ಲಿ ಹರಿಯಿತು.

ಹರಿದದ್ದು ಕೆಳಗಿನ ಅರ್ಧಕ್ಕೆ ಮಾತ್ರ. ಮೇಲಿನ ಅರ್ಧ, ಬನ್ನಿಗಿಡದವರೆಗೆ, ಹಾಗೇ ಉಳಿಯಿತು.

ಮಾವ ತಿರುಗಿ ಬಂದು ಸೊಂಟಕ್ಕೆ ಕೈ ಇಟ್ಟು ನೋಡಿದ. “ಅರ್ಧಕ್ಕ ಬಂತು. ಹಂಗಾರ ಅರ್ಧ ನಿಂದು. ಮ್ಯಾಲಿಂದಕ್ಕ ನಾಳಿ ಗೊಂಜಾಳ.”

“ಏನಂದಿದ್ರಿ ನೀವು?” ಅತ್ತೆ ಸೀರೆ ಎತ್ತಿ ಕಟ್ಟುತ್ತ ಕೇಳಿದಳು. “ತುಂಡಿಗೆ ನೀರ ಮುಟ್ಟಸು ಅಂದ್ರಿ. ಮುಟ್ಟೈತೋ ಇಲ್ಲೋ?”

“ಮುಟ್ಟೈತಿ, ಆದ್ರ...”

“ತೋಯಸು ಅಂದಿದ್ರೇನು? ತುಂಬಸು ಅಂದಿದ್ರೇನು?”

ಮಾವ ನನ್ನ ಕಡೆ ನೋಡಿದ. ನಾನು ಕೋಲಿನೊಳಗೆ ಇಣುಕುತ್ತ ದೂರದ ಯಾವುದೋ ಕಂಬವನ್ನು ಬಹಳ ಶ್ರದ್ಧೆಯಿಂದ ಕೂಡಿಸತೊಡಗಿದೆ.

“ಟ್ರ್ಯಾಕ್ಟರಿನಾಂವಗ ಫೋನ್ ಹಚ್ರಿ,” ಎಂದಳು ಅತ್ತೆ. ಮಾವ ಹಚ್ಚಿದ. “ನಾಳಿ ಬರಬ್ಯಾಡಪಾ. ಏನಿಲ್ಲ, ಹೊಲ ಬ್ಯಾರೇದವ್ರಿಗೆ ಹೋತು.”

ಅತ್ತೆ ಕೆಳಗಿನ ಅರ್ಧದಲ್ಲಿ ಸಸಿ ಹಚ್ಚುತ್ತ ಹೋದಳು, ಸಾಲು ತಪ್ಪದೆ, ಪ್ರತಿ ಸಸಿಯ ಬುಡವನ್ನು ಹೆಬ್ಬೆರಳಿನಿಂದ ಒತ್ತಿ. ನನಗೂ ಒಂದು ಸಾಲು ಕೊಟ್ಟಳು, ಸೊಟ್ಟಗಾದದ್ದನ್ನು ಕಿತ್ತು ಮತ್ತೆ ಹಚ್ಚಿಸಿದಳು. ಉಳಿದ ಒಂದು ಬುಟ್ಟಿ ಸಸಿಯನ್ನು ಪಕ್ಕದ ಹೊಲದವರಿಗೆ ಕೂಗಿ ಕರೆದು ಕೊಟ್ಟಳು. ಮೇಲಿನ ಅರ್ಧಕ್ಕೆ ಕೊತ್ತಂಬರಿ, ಅದಕ್ಕೆ ಎರೆಮಣ್ಣಿನ ಹಸಿಯೇ ಸಾಕು ಎಂದಳು. ಯಾರೂ ಅವಳನ್ನು ಕೇಳಿರಲಿಲ್ಲ, ಆದರೂ ಗಟ್ಟಿಯಾಗಿ ಹೇಳಿದಳು.

ಮಾವ ಸ್ವಲ್ಪ ಹೊತ್ತು ಬದುವಿನ ಮೇಲೆ ಕೂತು ಕಾಲಿನ ಮಣ್ಣು ಕೆರೆದ. ಕೈತುಂಬ ಜಾಲಿ ಗೀರಿದ ಗೆರೆ. ಆಮೇಲೆ ಗಂಟಲು ಸರಿಮಾಡಿಕೊಂಡು ಕೇಳಿದ, “ಅಲ್ಲಾ, ಬದುವಿಗೆ ಒಂದ ಸಾಲ ಚವಳಿಕಾಯಿ ಹಾಕಲೇನು?”

ಅತ್ತೆ ಬಗ್ಗಿದ್ದವಳು ನೆಟ್ಟಗಾಗಿ, ನಡು ಹಿಡಿದುಕೊಂಡು, ತನ್ನ ತುಂಡನ್ನು ಈ ತುದಿಯಿಂದ ಆ ತುದಿಗೆ ಒಮ್ಮೆ ನೋಡಿದಳು.

“ತಡೀರಿ,” ಎಂದಳು. “ವಿಚಾರ ಮಾಡಿ ಹೇಳ್ತೀನಿ.”